ಅಳಿವೆಯ ಡಾಲ್ಫಿನ್‌ಗಳು ಮತ್ತು ಹರಿದ ಬಲೆ: ಉತ್ತರ ಕನ್ನಡದ ಒಂದು ಪ್ರಕರಣ

ಈ ಪ್ರಕರಣ ಶುರುವಾಗಿದ್ದು ಒಂದು ನೇರ ಪ್ರಶ್ನೆಯಿಂದ. ಅಳಿವೆಗೆ ಬರುವ ಡಾಲ್ಫಿನ್‌ಗಳನ್ನು ಓಡಿಸೋದು ಹೇಗೆ? ಕೇಳಿದವರು ಉತ್ತರ ಕನ್ನಡದ ಒಂದು ನದಿ ಸಮುದ್ರ ಸೇರುವ ಜಾಗದಲ್ಲಿ ನಾಡದೋಣಿ ಇಟ್ಟುಕೊಂಡು ಬದುಕುವ ಇಬ್ಬರು ಅಣ್ಣತಮ್ಮಂದಿರು. ಕರಾವಳಿ ಮೀನುಗಾರರ ಜೊತೆ ಕೆಲಸ ಮಾಡುವ ನಮ್ಮ ಚಿಕ್ಕ ಗುಂಪಿಗೆ ಈ ಪ್ರಶ್ನೆ ಬಂತು. ಓಡಿಸುವ ಉಪಾಯ ಕೊನೆಗೂ ಸಿಗಲಿಲ್ಲ. ಆದರೆ ಬಲೆ ಉಳಿಸಿಕೊಳ್ಳುವ ಒಂದು ದಾರಿ ಸಿಕ್ಕಿತು. ಆ ದಾರಿ ಅರ್ಧಮರ್ಧದ್ದು, ಕಷ್ಟದ್ದು. ಆದರೂ ಬೇರೆ ಅಳಿವೆಗಳಲ್ಲಿ ಇದೇ ತೊಂದರೆ ಇರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ನದಿಯ ಹೆಸರು, ಊರಿನ ಹೆಸರು, ಜನರ ಹೆಸರು ಇಲ್ಲಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಡಾಲ್ಫಿನ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ತಮ್ಮ ಬಲೆಯಲ್ಲಿ ಏನಾಯಿತು ಅಂತ ಬಾಯಿಬಿಟ್ಟು ಹೇಳಿದ ಮನೆಯವರಿಗೆ ಆ ಕಾರಣಕ್ಕೆ ತೊಂದರೆ ಆಗಬಾರದು. ಇಲ್ಲಿ ಅವರನ್ನು ಅಣ್ಣ, ತಮ್ಮ, ಅತ್ತಿಗೆ ಎಂದೇ ಕರೆಯುತ್ತೇನೆ. ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಮೀನು ಮಾರುವವರೂ ಅವರೇ, ಹರಿದ ಬಲೆ ಕಟ್ಟುವವರೂ ಅವರೇ. ಈ ಪ್ರಕರಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡಿದವರೂ ಅವರೇ ಅನ್ನೋದು ನನ್ನ ಅಭಿಪ್ರಾಯ.

ಹಿನ್ನೆಲೆ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಉತ್ತರ ಕನ್ನಡದ ಈ ನದಿಗಳು ಘಟ್ಟದಿಂದ ಇಳಿದು ಸ್ವಲ್ಪ ದೂರ ಹರಿಯುವಷ್ಟರಲ್ಲೇ ಕಡಲು ಸೇರುತ್ತವೆ. ಸೇರುವ ಜಾಗದಲ್ಲಿ ಮರಳಿನ ದಿಬ್ಬ ಬೀಳುತ್ತದೆ, ಅದರ ಪಕ್ಕ ಒಂದು ಆಳದ ಕಾಲುವೆ ಉಳಿಯುತ್ತದೆ. ದೋಣಿ ಹೋಗೋದು ಅಲ್ಲೇ, ಮೀನು ಹೋಗೋದೂ ಅಲ್ಲೇ. ಭರತದ ನೀರಿನ ಜೊತೆ ಶೆವಟೆ, ಕಾಣೆ, ಸಿಗಡಿ ಒಳಗೆ ಬರುತ್ತವೆ. ಇಳಿತಕ್ಕೆ ಅದೇ ದಾರಿಯಲ್ಲಿ ಹೊರಗೆ ಹೋಗುತ್ತವೆ.

ಈ ಜಾಗಕ್ಕೆ ಅಂಟಿಕೊಂಡಿರುವುದು ಗೂನುಬೆನ್ನಿನ ಡಾಲ್ಫಿನ್. ಸಿನಿಮಾಗಳಲ್ಲಿ ನೀರಿಂದ ಹಾರುವ ಬಾಟಲ್‌ನೋಸ್ ಡಾಲ್ಫಿನ್ ಬೇರೆ. ನಮ್ಮದು ಕಡು ಬೂದು ಬಣ್ಣದ್ದು, ಉದ್ದ ಮೂತಿ, ಬೆನ್ನ ನಡುವೆ ಉದ್ದನೆಯ ಗೂನು, ಆ ಗೂನಿನ ಮೇಲೆ ಒಂದು ಚಿಕ್ಕ ರೆಕ್ಕೆ. ಬೆಳೆದ ಪ್ರಾಣಿ ಎರಡೂವರೆ ಮೀಟರ್ ಆಸುಪಾಸು ಇರುತ್ತದೆ. ದೋಣಿ ಕಂಡರೆ ಓಡಿ ಬಂದು ಆಡುವ ಸ್ವಭಾವ ಇದಕ್ಕಿಲ್ಲ. ಸುಮ್ನೆ ಬೆನ್ನು ತೋರಿಸಿ ಮುಳುಗುತ್ತದೆ. ದಕ್ಷಿಣ ಆಫ್ರಿಕಾದಿಂದ ಅರಬ್ ದೇಶಗಳ ಕರಾವಳಿ ಹಿಡಿದು ಭಾರತದ ದಕ್ಷಿಣದ ತುದಿಯವರೆಗೆ ಇದು ಸಿಗುತ್ತದೆ. 2014ರಲ್ಲಿ ಇದನ್ನು ಪೂರ್ವದ ಕಡೆಯ ಗೂನುಬೆನ್ನಿನ ಡಾಲ್ಫಿನ್‌ಗಳಿಂದ ಬೇರೆ ಜಾತಿ ಎಂದು ವಿಂಗಡಿಸಿದರು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಂಚಿನಲ್ಲಿದೆ.

ಭೂಪಟದಲ್ಲಿ ನೋಡಿದರೆ ಸಾವಿರಾರು ಕಿಲೋಮೀಟರ್ ಉದ್ದದ ನೆಲೆ. ಆದರೆ ಈ ಪ್ರಾಣಿ ಹೆಚ್ಚಾಗಿ 25–30 ಮೀಟರಿಗಿಂತ ಕಡಿಮೆ ಆಳದ ನೀರಲ್ಲೇ ಇರುತ್ತದೆ. ಅಂದರೆ ಅದರ ಪ್ರಪಂಚ ಉದ್ದ ಇದೆ, ಅಗಲ ಇಲ್ಲ. ದಡಕ್ಕೆ ಅಂಟಿದ ಒಂದು ಪಟ್ಟಿ, ಅಷ್ಟೇ. ನಾಡದೋಣಿಗಳು ದುಡಿಯುವ ಪಟ್ಟಿಯೂ ಅದೇ. ಬಂದರು, ಬ್ರೇಕ್‌ವಾಟರ್, ಪ್ರವಾಸಿ ಬೋಟು, ಊರಿನ ಕೊಳೆನೀರು ಎಲ್ಲ ಬಂದು ಬೀಳುವುದೂ ಅಲ್ಲಿಗೇ. ಇದನ್ನು ಓಡಿಸಿದರೆ ಆಳ ಸಮುದ್ರಕ್ಕೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುವುದಿಲ್ಲ. ಹೋದರೆ ಪಕ್ಕದ ಅಳಿವೆಗೆ ಹೋಗುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಇದರ ಸಂತಾನ ನಿಧಾನ. ಗರ್ಭ ಸುಮಾರು ಒಂದು ವರ್ಷ, ಒಂದು ಸಲಕ್ಕೆ ಒಂದೇ ಮರಿ, ಮುಂದಿನ ಮರಿಗೆ ಸಾಮಾನ್ಯವಾಗಿ ಮೂರು ವರ್ಷವೋ ಅದಕ್ಕಿಂತ ಜಾಸ್ತಿಯೋ. ಒಂದು ಅಳಿವೆಯಲ್ಲಿ ಒಂದು ಹೆಣ್ಣು ಸತ್ತರೆ ಅದರ ಪರಿಣಾಮ ಬಹಳ ವರ್ಷ ಇರುತ್ತದೆ.

ಮನೆಯವರ ಕಷ್ಟ

ಅಣ್ಣತಮ್ಮಂದಿರು ಬಳಸುವುದು ನೀರಲ್ಲಿ ನೆಟ್ಟಗೆ ನಿಲ್ಲುವ ತೆಳು ನೈಲಾನ್ ಬಲೆ. ಮೇಲೆ ಬೆಂಡು, ಕೆಳಗೆ ಸೀಸದ ಗುಂಡು. ಮೀನು ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಸಂಜೆ ಬಲೆ ಬಿಟ್ಟು ಮನೆಗೆ ಬಂದು, ಬೆಳಗಿನ ಜಾವ ಹೋಗಿ ಎಳೆಯುವುದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ.

ಕೆಲವು ವರ್ಷ ತಾರ್ಲೆ ಸರಿಯಾಗಿ ಬರಲಿಲ್ಲ. ದಕ್ಷಿಣದ ಕಡೆ ಬೂತಾಯಿ ಅನ್ನುತ್ತಾರಲ್ಲ, ಅದೇ ಮೀನು. ಈ ಮೀನಿನ ಏರಿಳಿತ ಎಷ್ಟು ಭಯಂಕರ ಅನ್ನೋದಕ್ಕೆ ಕೇರಳದ ಲೆಕ್ಕ ಸಾಕು. ಅಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ತಾರ್ಲೆ 2021ರಲ್ಲಿ 3,300 ಟನ್ನಿನ ಹತ್ತಿರಕ್ಕೆ ಬಿತ್ತು. ಹೊರಗೆ ಮೀನು ಇಲ್ಲದಾಗ ಸಣ್ಣ ದೋಣಿಗಳೆಲ್ಲ ಅಳಿವೆಗೆ ಮುಖ ಮಾಡುತ್ತವೆ. ಈ ಅಳಿವೆಯಲ್ಲೂ ಹಾಗೇ ಆಯಿತು. ಬಲೆಗಳು ಹೆಚ್ಚಾದವು. ತಾರ್ಲೆ ತಿನ್ನುವ ಡಾಲ್ಫಿನ್‌ಗೂ ಹೊಟ್ಟೆ ತುಂಬಬೇಕಲ್ಲ, ಅವೂ ಶೆವಟೆಯ ಹಿಂದೆ ಬಿದ್ದಿರಬೇಕು.

ಬೆಳಿಗ್ಗೆ ಬಲೆ ಎಳೆದರೆ ಕಂಡಿಗಳು. ಕೆಲವು ಕಡೆ ಶೆವಟೆಯ ತಲೆ ಮಾತ್ರ ಸಿಕ್ಕಿಕೊಂಡಿರುತ್ತದೆ, ಮೈ ಇಲ್ಲ. ಅರ್ಧ ತಿಂದ ಮೀನನ್ನು ಯಾರೂ ಕೊಳ್ಳುವುದಿಲ್ಲ. ಬಲೆ ಕಟ್ಟಲು ಅತ್ತಿಗೆಗೆ ಮಧ್ಯಾಹ್ನವೆಲ್ಲ ಬೇಕು. ತೀರಾ ಹರಿದರೆ ಹೊಸ ಬಲೆಗೆ ಸೊಸೈಟಿಯಲ್ಲಿ ಸಾಲ. ಹಳೆಯ ಸಾಲವೇ ತೀರಿರಲಿಲ್ಲ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಡಾಲ್ಫಿನ್ ಜಾಸ್ತಿ ಆಗಿವೆ, ಅವೇ ಹಾಳು ಮಾಡುತ್ತಿವೆ.

ಇದನ್ನು ಕೇಳಿದ ತಕ್ಷಣ, ಪ್ರಾಣಿಯ ಪರ ನಿಂತು ಉಪದೇಶ ಮಾಡಬಾರದು ಅಂತ ನಾವು ಮೊದಲೇ ನಿಶ್ಚಯಿಸಿದ್ದೆವು. ಮನೆಯ ನಷ್ಟ ನಿಜ. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿದೆವು. ಮುಂದೆ ನಡೆದ ಎಲ್ಲದಕ್ಕೂ ಬಾಗಿಲು ತೆರೆದದ್ದು ಈ ನಿರ್ಧಾರವೇ ಅಂತ ಈಗಲೂ ನಂಬಿದ್ದೇನೆ.

ಸದ್ದು ಮಾಡಿ ನೋಡಿದ್ದು

ನಾವು ಹೋಗುವ ಮುಂಚೆಯೇ ಅವರು ದೋಣಿಯ ಬದಿ ಬಡಿದು ನೋಡಿದ್ದರು. ಬೇರೆ ದೋಣಿಯ ಹುಡುಗರು ಪಟಾಕಿಯನ್ನೂ ಹಚ್ಚಿದ್ದರು. ಮೊದಲ ಕೆಲವು ರಾತ್ರಿ ಡಾಲ್ಫಿನ್ ದೂರ ಹೋದವು, ಆಮೇಲೆ ಸದ್ದಿಗೆ ಒಗ್ಗಿಕೊಂಡು ಬಂದವು. ಕಲಕು ನೀರಲ್ಲಿ ಡಾಲ್ಫಿನ್ ನಡೆಯುವುದೇ ಕಿವಿಯಿಂದ. ತಾನೇ ಟಿಕ್ ಟಿಕ್ ಎಂಬ ಸದ್ದು ಹೊರಡಿಸಿ, ಅದು ಬಡಿದು ವಾಪಸ್ ಬರುವುದನ್ನು ಕೇಳಿ ಮೀನು ಎಲ್ಲಿದೆ, ನೆಲ ಎಲ್ಲಿದೆ ಅಂತ ತಿಳಿಯುತ್ತದೆ. ನೀರಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ಅಂಥ ಪ್ರಾಣಿಯ ಹತ್ತಿರ ಪಟಾಕಿ ಹಚ್ಚಿದರೆ ಅದರ ಕಿವಿಯೇ ಹೋಗಬಹುದು. ಕಿವಿ ಹೋದ ಡಾಲ್ಫಿನ್‌ಗೆ ಬಲೆಯೂ ಗೊತ್ತಾಗುವುದಿಲ್ಲ. ಅದು ಬಂದು ಬಲೆಗೇ ಸಿಕ್ಕಿಬಿದ್ದರೆ ನಷ್ಟ ಇಬ್ಬರಿಗೂ. ಇದನ್ನು ಹೇಳಿದಾಗ ಅಣ್ಣ ಪಟಾಕಿ ಬೇಡ ಎಂದರು. ಹುಡುಗರಿಗೂ ಹೇಳಿ ನಿಲ್ಲಿಸಿದರು.

ಪಿಂಗರ್ ಬಗ್ಗೆ ಮೊಬೈಲಲ್ಲಿ ನೋಡಿದ್ದವರು ತಮ್ಮ. ಬಲೆಗೆ ಕಟ್ಟುವ ಬ್ಯಾಟರಿ ಸಾಧನ ಅದು, ಕೆಲವು ಸೆಕೆಂಡಿಗೊಮ್ಮೆ ಸದ್ದು ಬಿಡುತ್ತದೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ 1994ರಲ್ಲಿ ನಡೆದ ಪ್ರಯೋಗದಲ್ಲಿ ಪಿಂಗರ್ ಕಟ್ಟಿದ ಬಲೆಗಳಿಗೆ ಹಾರ್ಬರ್ ಪಾರ್ಪಾಯ್ಸ್‌ ಎಂಬ, ಡಾಲ್ಫಿನ್‌ನ ಸಂಬಂಧಿಯಾದ ಚಿಕ್ಕ ಪ್ರಾಣಿಗಳು ಸಿಕ್ಕಿ ಸಾಯುವುದು ಬಹಳ ಕಡಿಮೆಯಾಗಿತ್ತು. ಸಾಲ ಮಾಡಿಯಾದರೂ ಉದ್ದಕ್ಕೂ ಪಿಂಗರ್ ಕಟ್ಟೋಣ ಅಂತ ತಮ್ಮ ಪಟ್ಟು ಹಿಡಿದರು.

ಇಲ್ಲಿ ಒಂದು ದೊಡ್ಡ ಖರ್ಚು ತಪ್ಪಿತು. ಪಾರ್ಪಾಯ್ಸ್ ಪುಕ್ಕಲು ಪ್ರಾಣಿ, ಹೊಸ ಸದ್ದು ಕೇಳಿದರೆ ದೂರ ಹೋಗುತ್ತದೆ. ಆದರೆ ಬಲೆಯಿಂದ ಮೀನು ಕಸಿಯಲು ಕಲಿತ ಡಾಲ್ಫಿನ್‌ಗೆ ಅದೇ ಸದ್ದು ಇಲ್ಲಿ ಊಟ ಇದೆ ಎಂಬ ಸೂಚನೆ ಆಗಿಬಿಡಬಹುದು. ಬೇರೆ ದೇಶಗಳಲ್ಲಿ ಹಾಗಾದ ಉದಾಹರಣೆಗಳಿವೆ. ಹಾಗಾಗಿ ಒಂದು ಜೊತೆ ಪಿಂಗರ್ ಎರವಲು ತಂದು ಒಂದೇ ಬಲೆಗೆ ಕಟ್ಟಿದೆವು, ಇನ್ನೊಂದನ್ನು ಹಾಗೇ ಬಿಟ್ಟೆವು. ಮೊದಮೊದಲು ವ್ಯತ್ಯಾಸ ಕಂಡಿತು. ಹುಣ್ಣಿಮೆ ಕಳೆದು ಅಮಾವಾಸ್ಯೆ ಬರುವಷ್ಟರಲ್ಲಿ ಎರಡೂ ಬಲೆಯ ಪಾಡು ಒಂದೇ. ಒಂದು ಅಳಿವೆಯ ಎರಡು ಬಲೆ ನೋಡಿ ಪಿಂಗರೇ ದಂಡ ಅಂತ ನಾನು ಹೇಳಲಾರೆ. ಆದರೆ ಸಾಲ ಮಾಡಿ ಕೊಳ್ಳುವ ಮುಂಚೆ ಎರವಲು ತಂದು ನೋಡಿ ಅಂತ ಖಂಡಿತ ಹೇಳುತ್ತೇನೆ.

ಬಣ್ಣದ ದಾರ

ಪಿಂಗರ್ ಮಾತು ಮುಗಿದ ದಿನ ಅತ್ತಿಗೆ ಅಂಗಳದಲ್ಲಿ ಬಲೆ ಹರಡಿಕೊಂಡು ಕೂತಿದ್ದರು. ಬಲೆಯ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದಿದ್ದರು. ನಮ್ಮನ್ನು ಕರೆದು ಎರಡು ಕಂಡಿ ತೋರಿಸಿದರು. ಒಂದು ದೊಡ್ಡದು. ಸುತ್ತಲಿನ ಬಲೆಕಣ್ಣುಗಳು ಎಳೆದು ಉದ್ದವಾಗಿವೆ, ಗಂಟುಗಳು ಜರುಗಿವೆ, ನೂಲಿನ ತುದಿ ಸುರುಳಿಯಾಗಿದೆ. ಇನ್ನೊಂದು ಅಂಗೈ ಅಗಲದ್ದು. ಅದರ ಅಂಚು ನೀಟಾಗಿದೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಪಕ್ಕದ ಕಣ್ಣುಗಳು ಒಂದಿಷ್ಟೂ ಅಲುಗಿಲ್ಲ.

“ಇಷ್ಟು ಸಣ್ಣ ಕಂಡಿ ಮಾಡೋಕೆ ಅಷ್ಟು ದೊಡ್ಡ ಪ್ರಾಣಿಗೆ ಹ್ಯಾಗೆ ಆಗ್ತದೆ ಹೇಳಿ” ಅಂದರು.

ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಈ ನೀಟಾದ ಕಂಡಿಗಳನ್ನು ಮಾಡುವುದು ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು. ಅದರ ಹಲ್ಲುಗಳು ಒಂದಕ್ಕೊಂದು ಬೆಸೆದು ಮೇಲೆರಡು, ಕೆಳಗೆರಡು ಗಟ್ಟಿ ಫಲಕಗಳಾಗಿರುತ್ತವೆ. ಏಡಿಯ ಚಿಪ್ಪನ್ನೇ ಒಡೆಯುವ ಬಾಯಿಗೆ ನೈಲಾನ್ ಯಾವ ಲೆಕ್ಕ? ಬಲೆಯಲ್ಲಿ ಸಿಕ್ಕ ಮೀನನ್ನು ಕಡಿಯಲು ಬಂದು ಬಲೆಯನ್ನೂ ಕಡಿದು ಹೋಗುತ್ತದೆ. ಕೇರಳ, ಕರ್ನಾಟಕದ ಮೀನುಗಾರರಿಗೆ ಈ ಮೀನಿನ ಕಾಟ ಹೊಸದಲ್ಲ. ವಿಷ ಇರುವ ಮೀನಾದ್ದರಿಂದ ಸಿಕ್ಕರೂ ಎಸೆಯುತ್ತಾರೆ. ಹೀಗಾಗಿ ಅದು ಎಷ್ಟು ಬಂದಿದೆ ಅನ್ನೋದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಡಾಲ್ಫಿನ್ ಬೆನ್ನು ಮೇಲೆ ಕಾಣುತ್ತದೆ, ಪಫರ್ ಕಾಣುವುದಿಲ್ಲ. ದೂರು ಕಂಡವರ ಮೇಲೆ ಬರುತ್ತದೆ.

ಅತ್ತಿಗೆ ಒಂದು ಉಪಾಯ ಮಾಡಿದರು. ಎಳೆದು ಹರಿದ ದೊಡ್ಡ ಕಂಡಿಗೆ ಕೆಂಪು ದಾರ, ನೀಟಾಗಿ ಕಡಿದ ಕಂಡಿಗೆ ಹಸಿರು, ಕಲ್ಲಿಗೋ ಕೊರಡಿಗೋ ಸಿಕ್ಕಿ ಹರಿದದ್ದು ಅಂತ ಗೊತ್ತಾದರೆ ಬಿಳಿ. ಹೇಗೂ ಕಟ್ಟಲೇಬೇಕು, ಯಾವ ಬಣ್ಣದ ದಾರ ಆದರೇನು? ಇದಕ್ಕೆ ಪುಸ್ತಕ ಬೇಡ, ಫಾರ್ಮ್ ಬೇಡ. ಮಳೆಗಾಲ ಕಳೆದು ಶುರು ಮಾಡಿದ್ದು, ಬೇಸಿಗೆ ಬರುವ ಹೊತ್ತಿಗೆ ಬಲೆಯನ್ನು ದಡದಲ್ಲಿ ಹರಡಿದರೆ ನಡೆದದ್ದೆಲ್ಲ ಅದರ ಮೇಲೆಯೇ ಕಾಣುತ್ತಿತ್ತು. ಹಸಿರೇ ಜಾಸ್ತಿ. ಅದೂ ಸೀಸದ ಗುಂಡಿನ ಕಡೆ, ಕೆಳಭಾಗದಲ್ಲಿ ಉದ್ದಕ್ಕೂ. ಕೆಂಪು ಕಡಿಮೆ ಇದ್ದರೂ ಒಂದೇ ಕಡೆ ಗುಂಪಾಗಿತ್ತು, ಮರಳು ದಿಬ್ಬದ ಪಕ್ಕ ಆಳದ ಕಾಲುವೆಗೆ ತಾಗುವ ತುದಿಯಲ್ಲಿ.

ಊರಿನ ದೊಡ್ಡವರು ಅದನ್ನು ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. ಡಾಲ್ಫಿನ್ ತಪ್ಪೇ ಇಲ್ಲ ಅಂತ ಯಾರೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ತಲೆ ಮಾತ್ರ ಉಳಿದ ಶೆವಟೆ ಇತ್ತಲ್ಲ. ಆದರೆ ಎಲ್ಲ ಕಂಡಿಯೂ ಅದರದ್ದೇ ಅನ್ನುವ ಮಾತು ಅಂದಿಗೆ ನಿಂತಿತು.

ರೆಕ್ಕೆಯ ಗುರುತು, ತಿಥಿಯ ಲೆಕ್ಕ

ಇನ್ನು ಡಾಲ್ಫಿನ್ ಎಷ್ಟಿವೆ ಅನ್ನುವ ಪ್ರಶ್ನೆ. ಬೆನ್ನಿನ ರೆಕ್ಕೆಯ ಅಂಚಿನಲ್ಲಿ ಬಹಳಷ್ಟು ಪ್ರಾಣಿಗಳಿಗೆ ಬೇರೆ ಬೇರೆ ಕಚ್ಚು, ಗಾಯದ ಗುರುತು ಇರುತ್ತವೆ. ಪಕ್ಕದಿಂದ ನೇರವಾಗಿ ಫೋಟೋ ತೆಗೆದರೆ ಗುರುತು ಹಿಡಿಯಬಹುದು. ಅಮೆರಿಕದ ಫ್ಲಾರಿಡಾದಲ್ಲಿರುವ ಸರಸೋಟಾ ಕೊಲ್ಲಿಯಲ್ಲಿ 1970ರಿಂದ ಡಾಲ್ಫಿನ್‌ಗಳ ಅಧ್ಯಯನ ನಡೆಯುತ್ತಿದೆ. ಅಜ್ಜಿ, ಮಗಳು, ಮೊಮ್ಮಗಳು ಅಂತ ತಲೆಮಾರುಗಳ ಲೆಕ್ಕ ಅವರ ಬಳಿ ಇದೆ. ಕರಾವಳಿಯ ಡಾಲ್ಫಿನ್ ಎಲ್ಲಿಂದಲೋ ಬಂದು ಹೋಗುವ ಅತಿಥಿಯೇ ಆಗಬೇಕಿಲ್ಲ, ಆ ನೀರಿನ ಖಾಯಂ ನಿವಾಸಿ ಆಗಿರಬಹುದು ಅಂತ ಜಗತ್ತಿಗೆ ಗೊತ್ತಾದದ್ದು ಹೆಚ್ಚಾಗಿ ಇಂಥ ಕೆಲಸದಿಂದ. ಹಾಗಂತ ಕದಲುವುದೇ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲಿ 1982–83ರ ಎಲ್ ನಿನೋ ವರ್ಷ ಕಡಲು ಬೆಚ್ಚಗಾದಾಗ ದಡದ ಬಾಟಲ್‌ನೋಸ್ ಡಾಲ್ಫಿನ್‌ಗಳು ಉತ್ತರಕ್ಕೆ ಮಾಂಟೆರೆ ಕೊಲ್ಲಿಯವರೆಗೆ ಹೋದವು. ನೀರು ತಣ್ಣಗಾದ ಮೇಲೂ ಅಲ್ಲಿ ಉಳಿದುಕೊಂಡವು. ನೀರು, ಮೀನು ಎರಡೂ ಜರುಗಿದರೆ ಇವೂ ಜರುಗುತ್ತವೆ.

ಫೋಟೋ ತೆಗೆಯುವುದು ತಮ್ಮನ ಕೆಲಸವಾಯಿತು. ಪಿಂಗರ್ ಬೇಡವೆಂದಾಗ ಮುನಿಸಿಕೊಂಡಿದ್ದವರು ಇದನ್ನು ಮನಸ್ಸಿಟ್ಟು ಮಾಡಿದರು. ನೂರಾರು ಬಂದಿವೆ ಅಂತ ಊರವರು ಹೇಳುತ್ತಿದ್ದ ಅಳಿವೆಯಲ್ಲಿ ಫೋಟೋದಲ್ಲಿ ಸಿಗುತ್ತಿದ್ದದ್ದು ಮತ್ತೆ ಮತ್ತೆ ಅವೇ ಕೆಲವು ರೆಕ್ಕೆಗಳು. ತುದಿ ತುಂಡಾದ ಒಂದು ಹೆಣ್ಣಿಗೆ ಮನೆಯವರೇ ತುಂಡಿ ಅಂತ ಹೆಸರಿಟ್ಟರು. ಅದರ ಪಕ್ಕದಲ್ಲಿ ಒಂದು ಮರಿ ಇತ್ತು.

ಯಾವಾಗ ಬರುತ್ತವೆ ಅನ್ನೋದನ್ನು ಹಿಡಿದದ್ದು ಅಣ್ಣ. ನಾವು ಕೊಟ್ಟ ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ ಬರೆದರೆ ಏನೂ ತಿಳಿಯುತ್ತಿರಲಿಲ್ಲ. ಒಂದು ವಾರ ರಾತ್ರಿ, ಒಂದು ವಾರ ಬೆಳಗಿನ ಜಾವ, ಎಲ್ಲ ಕಲಸುಮೇಲೋಗರ. ಅಣ್ಣ ಅದನ್ನು ಬಿಟ್ಟು ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲೇ ಗುರುತು ಹಾಕತೊಡಗಿದರು. ತಿಥಿಯ ಚೌಕದಲ್ಲಿ ಬಲೆ ಹರಿದ ದಿನಕ್ಕೆ ಒಂದು ಗೆರೆ, ಹರಿಯದ ದಿನಕ್ಕೆ ಸೊನ್ನೆ. ಗೆರೆಗಳು ಅಮಾವಾಸ್ಯೆ, ಹುಣ್ಣಿಮೆಯ ಹಿಂದೆ ಮುಂದೆ ಗುಂಪಾದವು. ಅಷ್ಟಮಿಯ ಆಸುಪಾಸು ಸೊನ್ನೆಗಳೇ.

ಕಾರಣವನ್ನು ವಿವರಿಸಿದ್ದೂ ಅವರೇ. ಭರತ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತದೆ. ಅವರ ಅಳಿವೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಭರತ ತುಂಬುವುದು ನಡುಹಗಲು, ನಡುರಾತ್ರಿಯ ಆಸುಪಾಸು. ಆ ದಿನಗಳ ನೀರಿಗೆ ಜೋರೂ ಜಾಸ್ತಿ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎಳೆದರೆ, ರಾತ್ರಿಯ ಪೂರ್ತಿ ಭರತ ಬಲೆಯ ಮೇಲೇ ಹೋಗುತ್ತದೆ. ಶೆವಟೆ ಒಳಗೆ ಬರುವುದು ಆಗಲೇ, ತುಂಡಿಯ ಗುಂಪು ಮರಳು ದಿಬ್ಬಕ್ಕೆ ಶೆವಟೆಯನ್ನು ಒತ್ತಿ ಹಿಡಿಯುವುದೂ ಆಗಲೇ. ಬಲೆಯ ತುದಿ ನೇರ ಅವುಗಳ ಬೇಟೆಯ ಜಾಗದಲ್ಲಿ ನಿಂತಿತ್ತು. ಕೆಂಪು ದಾರದ ಗುಂಪಿಗೂ ಅರ್ಥ ಸಿಕ್ಕಿತು.

ಬೇರೆ ಅಳಿವೆಯಲ್ಲಿ ಇದು ತಲೆಕೆಳಗಾಗಿರಬಹುದು. ಎಷ್ಟೋ ಕಡೆ ಡಾಲ್ಫಿನ್ ಇಳಿತದಲ್ಲಿ ಹೊರಗೆ ಕಾದು ನಿಲ್ಲುತ್ತವೆ. ಕಾಲುವೆಯ ಆಕಾರ, ದಿಬ್ಬದ ಜಾಗ, ಮೀನಿನ ಜಾತಿ ನೋಡಿ ಅದು ನಿರ್ಧಾರವಾಗುತ್ತದೆ. ಹಾಗಾಗಿ ಇವರ ಉತ್ತರವನ್ನು ಎತ್ತಿಕೊಂಡು ಹೋಗಬೇಡಿ. ಕ್ಯಾಲೆಂಡರಿನ ಕ್ರಮವನ್ನು ತೆಗೆದುಕೊಂಡು ಹೋಗಿ.

ಮರಿ ಸತ್ತ ಬೆಳಿಗ್ಗೆ

ಇದೆಲ್ಲ ಗೊತ್ತಾಗುತ್ತಿದ್ದ ಹೊತ್ತಲ್ಲೇ, ಪದ್ಧತಿ ಇನ್ನೂ ಬದಲಾಗುವ ಮುಂಚೆ, ಒಂದು ಬೆಳಿಗ್ಗೆ ಬಲೆ ಭಾರ ಬಂತು. ತುಂಡಿಯ ಮರಿ. ಬಾಲಕ್ಕೆ ಬಲೆ ಸುತ್ತಿಕೊಂಡಿತ್ತು. ಡಾಲ್ಫಿನ್ ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಕೆಲವೇ ನಿಮಿಷಕ್ಕೊಮ್ಮೆ ಮೇಲೆ ಬರಲೇಬೇಕು, ಬರಲಾಗದಿದ್ದರೆ ಉಸಿರುಗಟ್ಟಿ ಸಾಯುತ್ತದೆ. ತೆಳು ನೈಲಾನ್ ನೂಲಿನಿಂದ ಪ್ರತಿಧ್ವನಿ ಸರಿಯಾಗಿ ಬರುವುದಿಲ್ಲ. ಬೆಂಡು, ಗುಂಡು ಗೊತ್ತಾಗುತ್ತವೆ, ನಡುವಿನ ಬಲೆ ಗೊತ್ತಾಗುವುದು ಕಷ್ಟ. ಅನುಭವ ಇಲ್ಲದ ಮರಿಗೆ ಇನ್ನೂ ಕಷ್ಟ.

ಅಣ್ಣತಮ್ಮಂದಿರು ದೋಣಿಯಲ್ಲೇ ಜಗಳವಾಡಿದರು. ಸೀಸ ಕಟ್ಟಿ ಮುಳುಗಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಅಂದರು ತಮ್ಮ. ಕಾಯ್ದೆಯಲ್ಲಿ ಜೈಲಿದೆ. ಅಂಥ ಹೊತ್ತಲ್ಲಿ ಹಾಗೆ ಯೋಚಿಸುವವರನ್ನು ನಾನು ಕೆಟ್ಟವರು ಎನ್ನಲಾರೆ. ಅಣ್ಣ ಒಪ್ಪಲಿಲ್ಲ. “ಮುಚ್ಚಿಟ್ಟರೆ ನಾಳೆ ನಾವು ಹೇಳಿದ ಯಾವ ಮಾತನ್ನೂ ಯಾರೂ ನಂಬೂದಿಲ್ಲ ತಮಾ” ಅಂದರಂತೆ. ದಡಕ್ಕೆ ತಂದು, ಪರಿಚಯದ ಮೇಷ್ಟ್ರೊಬ್ಬರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿದರು. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿದರು. ಅಧಿಕಾರಿಗಳು ಹೇಳಿಕೆ ಪಡೆದರು, ಬಲೆ ನೋಡಿದರು, ಕ್ಯಾಲೆಂಡರ್ ನೋಡಿದರು. ಬೇಕೆಂದು ಮಾಡಿದ್ದಲ್ಲ ಅಂತ ಅವರಿಗೆ ಮನವರಿಕೆಯಾಗಲು ಅತ್ತಿಗೆಯ ಬಣ್ಣದ ದಾರ, ಅಣ್ಣನ ಗೆರೆಗಳು ಸಹಾಯ ಮಾಡಿದವು. ಮಾತು ಅಲ್ಲಿಗೆ ನಿಂತಿತು. ಆದರೆ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಆಕಸ್ಮಿಕವಾಗಿ ಸಿಕ್ಕ ಪ್ರಾಣಿಯ ಬಗ್ಗೆ ತಿಳಿಸಿದವರಿಗೆ ಭಯ ಇಲ್ಲದ ವ್ಯವಸ್ಥೆ ನಮ್ಮ ಕರಾವಳಿಗೆ ತುರ್ತಾಗಿ ಬೇಕು. ಇಲ್ಲದಿದ್ದರೆ ಸಾವುಗಳು ನೀರಲ್ಲೇ ಮುಳುಗಿ ಹೋಗುತ್ತವೆ, ಎಷ್ಟು ಅಂತ ಯಾರಿಗೂ ತಿಳಿಯುವುದಿಲ್ಲ.

ತುಂಡಿ ಕೆಲವು ದಿನ ಅದೇ ಕಾಲುವೆಯಲ್ಲಿ ಸುತ್ತುತ್ತಿತ್ತು. ಆಮೇಲೆ ಕಾಣಲಿಲ್ಲ.

ಏನು ಬದಲಿಸಿದರು

ಆ ಸಾವಿನ ನಂತರ ಮನೆಯವರು ಎರಡು ನಿರ್ಧಾರ ಮಾಡಿದರು. ಅಮಾವಾಸ್ಯೆ, ಹುಣ್ಣಿಮೆಯ ಹಿಂದೆ ಮುಂದಿನ ರಾತ್ರಿಗಳಲ್ಲಿ ಸಂಜೆ ಬಲೆ ಬಿಡುವುದಿಲ್ಲ. ಭರತ ತುಂಬಿ ನೀರು ತಿರುಗಿದ ಮೇಲೆ ಬಿಟ್ಟು, ಬೆಳಕು ಹರಿಯುವ ಮುಂಚೆ ಎಳೆಯುವುದು. ಎರಡನೆಯದು, ಬಲೆಯ ತುದಿಯನ್ನು ಕಾಲುವೆಯಿಂದ ಈಚೆಗೆ ತರುವುದು, ಬಲೆ ನೀರಲ್ಲಿರುವಷ್ಟು ಹೊತ್ತು ದೋಣಿಯಲ್ಲೇ ಇರುವುದು.

ಸುಲಭ ಇರಲಿಲ್ಲ. ನಡುರಾತ್ರಿ ಎದ್ದು ಹೋಗಬೇಕು, ಬೆಳಿಗ್ಗೆ ಮೀನು ಮಾರುಕಟ್ಟೆಗೆ ಮುಟ್ಟಿಸಬೇಕು, ನಿದ್ದೆ ಎಲ್ಲಿ? ಭರತದ ಶೆವಟೆಯನ್ನು ಬಿಟ್ಟುಕೊಟ್ಟ ಹಾಗಾಯಿತು, ಹಾಗಾಗಿ ಕೆಲವು ರಾತ್ರಿ ಮೀನು ಕಡಿಮೆ. ಆದರೆ ಸಿಕ್ಕ ಮೀನು ಇಡಿಯಾಗಿ ಸಿಗುತ್ತಿತ್ತು, ತಾಜಾ ಇರುತ್ತಿತ್ತು. ಇಡೀ ರಾತ್ರಿ ನೀರಲ್ಲಿದ್ದ ಮೀನಿಗಿಂತ ಅತ್ತಿಗೆಗೆ ಒಳ್ಳೆ ದರ ಬಂತು. ಕೆಂಪು ದಾರ ಬಹುತೇಕ ನಿಂತೇಹೋಯಿತು. ನಾವು ಎಣಿಸಿರದ ಲಾಭವೂ ಒಂದು ಬಂತು. ಬಲೆ ನೀರಲ್ಲಿರುವ ಹೊತ್ತು ಕಡಿಮೆಯಾದ್ದರಿಂದ ಪಫರ್ ಕಡಿತವೂ ಕಮ್ಮಿ ಆಯಿತು. ಅತ್ತಿಗೆಯ ಮಧ್ಯಾಹ್ನಗಳು ವಾಪಸ್ ಸಿಕ್ಕವು. ಹಣದ ಲೆಕ್ಕದಲ್ಲಿ ದೊಡ್ಡ ಗೆಲುವು ಅಂತ ಹೇಳಲಾರೆ. ಹೊಸ ಬಲೆಗೆ ಹೊಸ ಸಾಲ ಬೇಕಾಗಲಿಲ್ಲ, ಅದು ಆ ಮನೆಗೆ ಸಣ್ಣ ಮಾತಲ್ಲ.

ತಮ್ಮನ ಫೋಟೋಗಳಿಂದ ಇನ್ನೊಂದು ತಿರುವು ಬಂತು. ದಕ್ಷಿಣದ ಇನ್ನೊಂದು ಅಳಿವೆಯಲ್ಲಿ ಪ್ರವಾಸಿ ಬೋಟು ಓಡಿಸುವ ಅವರ ಗೆಳೆಯ ಒಂದು ಚಿತ್ರ ಕಳಿಸಿದರು. ತುದಿ ತುಂಡಾದ ರೆಕ್ಕೆ. ಕಚ್ಚುಗಳನ್ನು ಒಂದೊಂದಾಗಿ ಹೋಲಿಸಿದೆವು, ತುಂಡಿಯೇ. ನಮ್ಮ ಅಳಿವೆಯ ಡಾಲ್ಫಿನ್ ಅಂತ ಊರವರು ಬೈಯುತ್ತಿದ್ದ ಪ್ರಾಣಿ ಬೇರೆ ಊರಿನವರ ಅಳಿವೆಯದ್ದೂ ಆಗಿತ್ತು. ಓಡಿಸಿದರೆ ಎಲ್ಲಿಗೆ ಹೋಗುತ್ತದೆ ಅನ್ನೋದಕ್ಕೆ ಉತ್ತರ ಆ ಚಿತ್ರದಲ್ಲಿತ್ತು. ಅಲ್ಲಿಯೂ ಬಲೆ ಬಿಡುವವರು ಇವರ ನೆಂಟರೇ. ನಾನು ಕೊಟ್ಟ ಯಾವ ವಿವರಣೆಗಿಂತಲೂ ಈ ಒಂದು ಫೋಟೋ ಊರಿನ ಸಭೆಯಲ್ಲಿ ಹೆಚ್ಚು ಕೆಲಸ ಮಾಡಿತು.

ಅದೇ ಸಭೆಯಲ್ಲಿ ಬ್ರೆಜಿಲ್ ದೇಶದ ಲಗೂನಾ ಊರಿನ ವಿಷಯ ಹೇಳಿದೆ. ಅಲ್ಲಿ ತಲೆಮಾರುಗಳಿಂದ ಡಾಲ್ಫಿನ್‌ಗಳು ಶೆವಟೆಯ ಜಾತಿಯದೇ ಮೀನನ್ನು ದಡದ ಕಡೆ ಅಟ್ಟುತ್ತವೆ. ಸೊಂಟದುದ್ದ ನೀರಲ್ಲಿ ಸಾಲಾಗಿ ನಿಂತ ಮೀನುಗಾರರು ಅವುಗಳ ಸನ್ನೆ ನೋಡಿ ಬೀಸುಬಲೆ ಎಸೆಯುತ್ತಾರೆ. ಇಬ್ಬರಿಗೂ ಲಾಭ. ಒಬ್ಬ ಹಿರಿಯರು ತಮ್ಮ ಅಜ್ಜನೂ ಡಾಲ್ಫಿನ್ ಮುಳುಗುವ ಕಡೆ ನೋಡಿ ಬೀಸುಬಲೆ ಹಾಕುತ್ತಿದ್ದರು ಅಂದರು. ನಿಲ್ಲಿಸುವ ನೈಲಾನ್ ಬಲೆ ಬಂದ ಮೇಲೆ ಆ ನೋಟ ಬಿಟ್ಟುಹೋಯಿತಂತೆ.

ಈಗ ಎಲ್ಲಿದೆ

ಅಳಿವೆಯ ಎಲ್ಲ ದೋಣಿಗಳೂ ಈ ಕ್ರಮ ಹಿಡಿದಿಲ್ಲ. ಒಬ್ಬರೇ ದುಡಿಯುವ, ಚಿಕ್ಕ ಪಾತಿ ದೋಣಿ ಮಾತ್ರ ಇರುವವರಿಗೆ ನಡುರಾತ್ರಿ ಜೋರು ನೀರಿಗೆ ಇಳಿಯುವುದು ಅಪಾಯ. ಅವರು ಸಂಜೆಯೇ ಬಿಡುತ್ತಾರೆ. ಅವರಿಗೆ ಹಾಗೆ ಮಾಡಬೇಡಿ ಅನ್ನುವ ಹಕ್ಕು ನಮಗಿಲ್ಲ. ಹೊರಗಿನ ದೋಣಿಗಳು ಬಂದು ಕಾಲುವೆಗೆ ಅಡ್ಡವಾಗಿ ಬಲೆ ಬಿಡುವುದೂ ನಿಂತಿಲ್ಲ.

ಅಣ್ಣ ಸೊಸೈಟಿಯ ಮುಂದೆ ಒಂದು ಬೇಡಿಕೆ ಇಟ್ಟಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆಯ ರಾತ್ರಿಗಳಲ್ಲಿ ಭರತ ತಿರುಗುವವರೆಗೆ 'ಕಾಲುವೆ ಬದಿ' ಖಾಲಿ ಬಿಡಬೇಕು, ಆ ರಾತ್ರಿಗಳಲ್ಲಿ ಪಾತಿ ದೋಣಿಯವರಿಗೆ ಒಳನೀರಿನ ಒಳ್ಳೆ ಜಾಗಗಳನ್ನು ಮೊದಲು ಕೊಡಬೇಕು. ಒಳನೀರಿನ ಜಾಗ ಈಗಾಗಲೇ ಹಿಡಿದಿರುವವರು ಒಪ್ಪಿಲ್ಲ. ಎರಡು ಸಭೆ ಮಾತಲ್ಲೇ ಮುಗಿದಿವೆ, ಮುಂದಿನದು ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ದೊಡ್ಡ ಬೋಟುಗಳು ಹೊರಟ ಮೇಲೆ. ಅಷ್ಟರೊಳಗೆ ಇನ್ನೂ ಕೆಲವು ಮನೆಗಳ ಬಲೆಗೆ ಬಣ್ಣದ ದಾರ ಹಾಕಿಸಬೇಕು ಅಂತ ಅತ್ತಿಗೆ ಓಡಾಡುತ್ತಿದ್ದಾರೆ. ಕೆಂಪು, ಹಸಿರು ದಾರದ ಉಂಡೆಗಳನ್ನು ಮೀನಿನ ಬುಟ್ಟಿಯ ಜೊತೆಯೇ ಒಯ್ದು, ಮಾರುಕಟ್ಟೆಯಲ್ಲಿ ಸಿಗುವ ಬೇರೆ ಹೆಂಗಸರಿಗೆ ಕೊಟ್ಟು ಬರುತ್ತಾರೆ.